ಒಣ ಕಲ್ಲಿಗೆ ಜೀವ ಬರುವವರೆಗೆ: ಉಪ್ಪುನೀರಿನ ಅಕ್ವೇರಿಯಂ ಶುರು ಮಾಡುವವರಿಗೆ

ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಮಾಡಿದ. ನೂರು ಲೀಟರಿನ ಗಾಜಿನ ತೊಟ್ಟಿ. ಒಳಗೆ ಬೆಳ್ಳಗಿನ, ತೂತು ತೂತಾದ ಒಣ ಕಲ್ಲು. ಮೂರನೇ ದಿನವೇ ಎರಡು ಕ್ಲೌನ್ ಮೀನು ತಂದು ಬಿಟ್ಟ. ವಾರ ತುಂಬುವ ಮೊದಲೇ ಎರಡೂ ಸತ್ತವು. ನಾನು ನೋಡಲು ಹೋದಾಗ ನೀರು ಕನ್ನಡಿಯ ಹಾಗಿತ್ತು. "ಇಷ್ಟು ಕ್ಲೀನ್ ನೀರಲ್ಲಿ ಯಾಕೆ ಸತ್ತವು?" ಎಂದು ಕೇಳಿದ. ಅವನ ಮುಖ ನೋಡಲಾಗುತ್ತಿರಲಿಲ್ಲ.

ನೀರು ಕ್ಲೀನಾಗಿಯೇ ಇತ್ತು. ಆದರೆ ಕಲ್ಲು ಖಾಲಿ ಇತ್ತು. ಮೀನು ಹೊರಹಾಕುವ ಕೊಳೆಯನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಅದರಲ್ಲಿ ಇನ್ನೂ ನೆಲೆಸಿರಲಿಲ್ಲ. ಮೀನು ಬರುವ ಮೊದಲೇ ಆ ಜೀವಿಗಳನ್ನು ಬೆಳೆಸಿಕೊಳ್ಳುವ ಕೆಲಸಕ್ಕೆ ಸೈಕ್ಲಿಂಗ್ ಎನ್ನುತ್ತಾರೆ. ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ತೊಟ್ಟಿಯಲ್ಲಿ ಏನಾಗುತ್ತದೆ ಎಂದು ಗೊತ್ತಿದ್ದರೆ ಕಾಯುವುದು ಅಷ್ಟು ಕಷ್ಟವಾಗುವುದಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

## ಕಣ್ಣಿಗೆ ಕಾಣದ ಕೊಳೆ

ಮೀನು ತಿನ್ನುವ ಆಹಾರದಲ್ಲಿ ಪ್ರೋಟೀನ್ ಇದೆ, ಪ್ರೋಟೀನಿನಲ್ಲಿ ಸಾರಜನಕ ಇದೆ. ದೇಹಕ್ಕೆ ಬೇಡವಾದ ಸಾರಜನಕವನ್ನು ನಾವು ಮೂತ್ರದಲ್ಲಿ ಹೊರಹಾಕುತ್ತೇವೆ. ಮೀನು ಅದನ್ನು ಹೆಚ್ಚಾಗಿ ಕಿವಿರುಗಳ ಮೂಲಕವೇ, ಅಮೋನಿಯಾ ರೂಪದಲ್ಲಿ ನೀರಿಗೆ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾ ಆಗುತ್ತದೆ.

ಕರಾವಳಿಯವರಿಗೆ ಅಮೋನಿಯಾದ ಪರಿಚಯ ಮಾಡಿಸಬೇಕಾಗಿಲ್ಲ. ತಾಟೆ ಅಥವಾ ತೊರಕೆ ಮೀನು ಸ್ವಲ್ಪ ಹಳೆಯದಾದರೆ ಮೂಗಿಗೆ ಬಡಿಯುವ ಘಾಟು ಇದೆಯಲ್ಲ, ಅದೇ ಇದು. ಆ ಮೀನುಗಳ ಮಾಂಸದಲ್ಲಿ ಯೂರಿಯಾ ಜಾಸ್ತಿ. ಸತ್ತ ಮೇಲೆ ಬ್ಯಾಕ್ಟೀರಿಯಾಗಳು ಅದನ್ನು ಒಡೆದು ಅಮೋನಿಯಾ ಮಾಡುತ್ತವೆ.

ಅಕ್ವೇರಿಯಂನಲ್ಲಿ ಮೀನು ಕೊಲ್ಲಲು ಇಷ್ಟು ಅಮೋನಿಯಾ ಬೇಕಾಗಿಲ್ಲ. ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಂ ಎಂದರೂ ಅಪಾಯವೇ. ಅಷ್ಟಕ್ಕೆ ವಾಸನೆ ಬರುವುದಿಲ್ಲ, ಬಣ್ಣವೂ ಇರುವುದಿಲ್ಲ. ಈ ಅಳತೆಗೆ ಪಿಪಿಎಂ ಎನ್ನುತ್ತಾರೆ, ಹತ್ತು ಲಕ್ಷದಲ್ಲಿ ಒಂದು ಪಾಲು ಎಂದು ಅರ್ಥ.

ಸಿಹಿನೀರಿಗಿಂತ ಉಪ್ಪುನೀರಿನಲ್ಲಿ ಇದರ ಕಾಟ ಜಾಸ್ತಿ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿ ಇರುತ್ತದೆ. ಒಂದು ಅಷ್ಟೇನೂ ತೊಂದರೆ ಕೊಡದ ಅಮೋನಿಯಂ, ಇನ್ನೊಂದು ಕಿವಿರನ್ನು ಸುಡುವ ಅಮೋನಿಯಾ. ಯಾವುದು ಎಷ್ಟು ಎಂಬುದನ್ನು ಮುಖ್ಯವಾಗಿ ಪಿಎಚ್, ಅಂದರೆ ನೀರು ಎಷ್ಟು ಆಮ್ಲ ಅಥವಾ ಎಷ್ಟು ಕ್ಷಾರ ಎಂದು ಹೇಳುವ ಅಂಕಿ, ತೀರ್ಮಾನಿಸುತ್ತದೆ. ಪಿಎಚ್ 7 ಇರುವ ಸಿಹಿನೀರಿನಲ್ಲಿ ವಿಷದ ರೂಪ ನೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿದೆ. ಅಲ್ಲಿ ಆ ಪಾಲು ಹತ್ತು ಪಟ್ಟಿನಷ್ಟು ಏರುತ್ತದೆ. ಸಿಹಿನೀರಿನ ಮೀನು ಸಾಕಿ ಅನುಭವ ಇರುವವರೂ ಇಲ್ಲಿ ಎಡವುವುದು ಇದಕ್ಕೇ.

ಮಲ್ಪೆಯ ಕಡಲಿನಲ್ಲಿ ಒಂದು ಮೀನಿನ ಕೊಳೆ ಎಲ್ಲಿ ಹೋಯಿತು ಎಂದೇ ತಿಳಿಯುವುದಿಲ್ಲ. ತೊಟ್ಟಿಯಲ್ಲಿ ಅದಕ್ಕೆ ಹೋಗಲು ಜಾಗವೇ ಇಲ್ಲ.

## ಗೇರುಬೀಜದ ಕಾರ್ಖಾನೆಯ ಹಾಗೆ ಎರಡು ಸಾಲು

ಅಮೋನಿಯಾವನ್ನೇ ಊಟ ಮಾಡಿ ಬದುಕುವ ಬ್ಯಾಕ್ಟೀರಿಯಾಗಳಿವೆ. ಇವು ಬೇರೆಯವರ ಅಡುಗೆಯನ್ನು ಕಾಯುವುದಿಲ್ಲ. ಅಮೋನಿಯಾವನ್ನು ಆಮ್ಲಜನಕದ ಜೊತೆ ಸೇರಿಸಿ ಶಕ್ತಿ ಪಡೆಯುತ್ತವೆ, ನೀರಿನಲ್ಲಿ ಕರಗಿದ ಇಂಗಾಲದಿಂದ ಮೈ ಕಟ್ಟಿಕೊಳ್ಳುತ್ತವೆ. 1890ರ ಹೊತ್ತಿಗೆ ಸೆರ್ಗೈ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ ಇದನ್ನು ಕಂಡುಹಿಡಿದರು. ಈ ಕೆಲಸ ಎರಡು ಹಂತದಲ್ಲಿ, ಎರಡು ಬೇರೆ ಬೇರೆ ಗುಂಪುಗಳಿಂದ ನಡೆಯುತ್ತದೆ ಎಂದೂ ತೋರಿಸಿದರು.

ಮಂಗಳೂರಿನ ಗೇರುಬೀಜದ ಕಾರ್ಖಾನೆಯನ್ನು ನೆನಪಿಸಿಕೊಳ್ಳಿ. ಒಂದು ಸಾಲಿನವರು ಬೀಜ ಒಡೆಯುತ್ತಾರೆ. ಮುಂದಿನ ಸಾಲಿನವರು ತಿರುಳಿನ ಸಿಪ್ಪೆ ಸುಲಿಯುತ್ತಾರೆ. ನಮ್ಮ ತೊಟ್ಟಿಯಲ್ಲೂ ಹಾಗೇ. ಮೊದಲ ಸಾಲಿನಲ್ಲಿ ನೈಟ್ರೊಸೊಮೊನಾಸ್‌ನಂಥವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಎರಡನೇ ಸಾಲಿನಲ್ಲಿ ನೈಟ್ರೊಸ್ಪೈರಾದಂಥವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಹೆಸರುಗಳು ಹತ್ತಿರ ಹತ್ತಿರ ಕೇಳಿಸುತ್ತವೆ, ಸ್ವಲ್ಪ ಗಮನ ಕೊಡಿ: ಕೊನೆ ಅಕ್ಷರ ‘ಟ್ರೈಟ್’ ಆದರೆ ಮಧ್ಯದ ಮಾಲು, ‘ಟ್ರೇಟ್’ ಆದರೆ ಮುಗಿದ ಮಾಲು.

ಬೀಜ ಒಡೆಯುವವರು ಮಾತ್ರ ಬಂದು ಸುಲಿಯುವವರು ಬಾರದಿದ್ದರೆ ಏನಾಗುತ್ತದೆ? ಒಡೆದ ತಿರುಳು ರಾಶಿ ಬೀಳುತ್ತದೆ. ತೊಟ್ಟಿಯಲ್ಲಿ ಅಮೋನಿಯಾ ಇಳಿಯುತ್ತಾ ನೈಟ್ರೈಟ್ ಏರುವ ಎರಡು–ಮೂರು ವಾರ ಇಂಥದ್ದೇ. ಎರಡನೇ ಸಾಲಿನವರಿಗೆ ಊಟ ಸಿಗುವುದೇ ಮೊದಲ ಸಾಲು ಕೆಲಸ ಶುರು ಮಾಡಿದ ಮೇಲೆ. ಹಾಗಾಗಿ ಅವರು ಯಾವಾಗಲೂ ತಡವಾಗಿ ಬರುತ್ತಾರೆ.

ಸಮುದ್ರದಲ್ಲಿ ಮೊದಲ ಹಂತದ ಕೆಲಸವನ್ನು ಬ್ಯಾಕ್ಟೀರಿಯಾಗಳಷ್ಟೇ ಮಾಡುತ್ತವೆ ಎಂದು ತುಂಬ ಕಾಲ ನಂಬಿದ್ದರು. 2005ರಲ್ಲಿ ಆರ್ಕಿಯಾ ಎಂಬ ಬೇರೆಯೇ ಕುಲದ ಒಂದು ಜೀವಿ ಅಮೋನಿಯಾ ತಿಂದು ಬದುಕುತ್ತದೆ ಎಂದು ಗೊತ್ತಾಯಿತು. ಅದು ಸಿಕ್ಕಿದ್ದು ಆಳ ಸಮುದ್ರದಲ್ಲಿ ಹುಡುಕಿದಾಗ ಅಲ್ಲ, ಅಮೆರಿಕದ ಸಿಯಾಟಲ್ ನಗರದ ಅಕ್ವೇರಿಯಂ ಒಂದರ ತಳದ ಜಲ್ಲಿಯಲ್ಲಿ. ಈ ವಿಷಯ ಓದಿದಾಗೆಲ್ಲ ನನಗೆ ಖುಷಿಯಾಗುತ್ತದೆ.

ಇವೆಲ್ಲ ತುಂಬ ನಿಧಾನವಾಗಿ ಬೆಳೆಯುವ ಜೀವಿಗಳು. ರಾತ್ರಿ ರುಬ್ಬಿಟ್ಟ ಉದ್ದಿನ ದೋಸೆ ಹಿಟ್ಟು ಬೆಳಿಗ್ಗೆ ಉಕ್ಕಿ ಬಂದಿರುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳಿಗೆ ಸಕ್ಕರೆ, ಪಿಷ್ಟ ಧಾರಾಳ. ಅಮೋನಿಯಾದಲ್ಲಿ ಸಿಗುವ ಶಕ್ತಿ ಬಹಳ ಕಡಿಮೆ. ಒಂದು ಎರಡಾಗಲು ಅರ್ಧ ದಿನ, ಒಂದು ದಿನ, ಕೆಲವೊಮ್ಮೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಆರು ವಾರದ ಕಾಯುವಿಕೆ ಎಲ್ಲಿಂದ ಬಂತು ಎಂದರೆ ಇಲ್ಲಿಂದ.

## ಕಲ್ಲು ಯಾಕೆ ಬೇಕು?

ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಗಟ್ಟಿ ಮೇಲ್ಮೈಗೆ ಅಂಟಿಕೊಂಡು ಬದುಕುವುದು ಜಾಸ್ತಿ. ಹಳೆಯ ಬಾವಿಯ ಮೆಟ್ಟಿಲು ಮುಟ್ಟಿದರೆ ಜಾರುವ ಲೋಳೆ ಇರುತ್ತದಲ್ಲ, ಅಂಥದೇ ತೆಳು ಪದರ ಕಟ್ಟಿಕೊಳ್ಳುತ್ತವೆ. ಮೇಲ್ಮೈ ಎಷ್ಟು ಜಾಸ್ತಿಯೋ ಅಷ್ಟು ಮನೆಗಳು. ನುಣುಪಾದ ಹೊಳೆಕಲ್ಲಿಗೆ ಹೊರಮೈ ಮಾತ್ರ ಇದೆ. ನಮ್ಮ ಕೆಂಪು ಮುರಕಲ್ಲಿನ ಹಾಗೆ ತೂತುಗಳಿರುವ ಕಲ್ಲಿಗೆ ಒಳಮೈಯೂ ಇದೆ.

ಇನ್ನೊಂದು ಲಾಭವೂ ಉಂಟು. ಕಲ್ಲಿನ ಆಳದ ತೂತುಗಳಿಗೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ. ಅಲ್ಲಿ ಬೇರೆ ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೇಟಿನ ಆಮ್ಲಜನಕವನ್ನೇ ಬಳಸಿಕೊಂಡು ಸಾರಜನಕವನ್ನು ಅನಿಲ ಮಾಡಿ ಬಿಟ್ಟುಬಿಡುತ್ತವೆ. ಅದು ನೀರಿನಿಂದ ಗಾಳಿಗೆ ಸೇರುತ್ತದೆ. ಆದರೆ ಈ ಭಾಗ ಕುದುರಲು ತಿಂಗಳುಗಳೇ ಬೇಕು.

ಅಂಗಡಿಯಲ್ಲಿ ಡ್ರೈ ರಾಕ್ ಎಂದು ಸಿಗುವುದು ಹೆಚ್ಚಾಗಿ ಹಳೆಯ ಕಾಲದ ಹವಳದ ಸುಣ್ಣಕಲ್ಲು, ಇಲ್ಲವೇ ಕಾರ್ಖಾನೆಯಲ್ಲಿ ಅದೇ ಹದದಲ್ಲಿ ಮಾಡಿದ್ದು. ಮರುವಾಯಿ ಚಿಪ್ಪು ಯಾವುದರಿಂದ ಆಗಿದೆಯೋ ಇದೂ ಅದರಿಂದಲೇ ಆಗಿದೆ: ಕ್ಯಾಲ್ಸಿಯಂ ಕಾರ್ಬೊನೇಟ್. ಲೈವ್ ರಾಕ್ ಎಂದರೆ ಇದೇ ಕಲ್ಲು, ಆದರೆ ಒಳಗೆ ಹೊರಗೆ ಜೀವ ತುಂಬಿರುವುದು. ಒಣ ಕಲ್ಲನ್ನು ಲೈವ್ ರಾಕ್ ಆಗುವ ದಾರಿಯಲ್ಲಿ ನಡೆಸುವುದೇ ನಮ್ಮ ಕೆಲಸ.

## ಸಮುದ್ರ ಪಕ್ಕದಲ್ಲೇ ಇದೆಯಲ್ಲ, ಅಲ್ಲಿಂದ ತಂದರೆ ಆಗದೇ?

ಈ ಪ್ರಶ್ನೆ ಕೇಳದ ಕರಾವಳಿಯವರು ಯಾರೂ ಇರಲಿಕ್ಕಿಲ್ಲ. ನಾನೂ ಕೇಳಿದ್ದೆ.

ಹವಳದ ಕಲ್ಲು ತರುವಂತಿಲ್ಲ. ಗಟ್ಟಿ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಸಮುದ್ರಕುದುರೆಗಳನ್ನೂ ಅದೇ ವರ್ಷ ಸೇರಿಸಿದರು. ಹುಲಿ, ಆನೆಗೆ ಇರುವಷ್ಟೇ ರಕ್ಷಣೆ ಇವಕ್ಕೂ ಇದೆ. ನೇತ್ರಾಣಿ ದ್ವೀಪದ ಹತ್ತಿರ ಮುಳುಗಿದಾಗ ಕಂಡ ಒಂದು ತುಂಡು ಅಲ್ಲಿಯೇ ಇರಬೇಕು. ಅದರ ಬಿರುಕುಗಳಲ್ಲಿ ನೂರಾರು ಜೀವಿಗಳ ಮನೆ ಇದೆ.

ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅದನ್ನು ಮುಟ್ಟುವ ಮಾತೇ ಇಲ್ಲ. ಅದು ಲಾವಾದಿಂದ ಆದ ಬಿಗಿಯಾದ ಕಲ್ಲು, ಒಳಗೆ ತೂತೂ ಇಲ್ಲ. ಮುರಕಲ್ಲಿಗೆ ತೂತಿದೆ, ಆದರೆ ಅದರಲ್ಲಿ ಕಬ್ಬಿಣದ ಅಂಶ ತುಂಬಿದೆ, ನೀರಿನಲ್ಲಿ ಪುಡಿ ಬಿಡುತ್ತದೆ. ಮನೆ ಕಟ್ಟಲು ಅದರಷ್ಟು ಒಳ್ಳೆಯದು ಇಲ್ಲ. ತೊಟ್ಟಿಗೆ ಬೇಡ.

ಸಮುದ್ರದ ನೀರು ಮಾತ್ರ ತಂದರೆ? ಮೊದಲೇ ಹೇಳಿದ ಹಾಗೆ ಕೆಲಸಗಾರರು ಇರುವುದು ಮೇಲ್ಮೈಯಲ್ಲಿ. ನೀರು ತಂದರೆ ಅವರು ಬರುವುದು ಬೆರಳೆಣಿಕೆಯಷ್ಟು. ಸೈಕ್ಲಿಂಗ್ ತಪ್ಪುವುದಿಲ್ಲ. ಅದಲ್ಲದೆ ನಮ್ಮ ಕಿನಾರೆ ತುಂಬ ಅಳಿವೆಗಳು. ಮಂಗಳೂರಿನಲ್ಲಿ ನೇತ್ರಾವತಿ, ಫಲ್ಗುಣಿ ಸೇರಿ ಕಡಲಿಗೆ ಬೀಳುತ್ತವೆ. ಕೋಡಿ ಬೆಂಗ್ರೆಯ ಹತ್ತಿರ ಸ್ವರ್ಣಾ, ಸೀತಾ ನದಿಗಳು ಬರುತ್ತವೆ. ಮಳೆಗಾಲದಲ್ಲಿ ದಡದ ನೀರು ಕೆಸರಾಗುತ್ತದೆ, ಉಪ್ಪಿನಂಶ ಇಳಿಯುತ್ತದೆ, ಊರಿನ ಕೊಳೆಯೂ ಬೆರೆಯುತ್ತದೆ. ಹೊಸಬರಿಗೆ ಅಕ್ವೇರಿಯಂಗೆಂದೇ ಪ್ಯಾಕೆಟ್ಟಿನಲ್ಲಿ ಸಿಗುವ ಸಮುದ್ರದ ಉಪ್ಪೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ.

## ಕ್ಯೂರಿಂಗ್ ಬೇರೆ, ಸೈಕ್ಲಿಂಗ್ ಬೇರೆ

ಕ್ಯೂರಿಂಗ್ ಎಂದರೆ ನಮಗೆ ಹೊಸ ಟೆರೇಸಿಗೆ ನೀರು ಕಟ್ಟುವುದು ನೆನಪಾಗುತ್ತದೆ. ಇಲ್ಲಿ ಅರ್ಥ ಬೇರೆ. ಕಲ್ಲಿನ ತೂತುಗಳಲ್ಲಿ ಒಣಗಿ ಉಳಿದ ಹಳೆಯ ಜೀವಿಗಳ ಅವಶೇಷ ಇರಬಹುದು. ಅದನ್ನು ತೆಗೆಯುವುದು ಕ್ಯೂರಿಂಗ್. ಅಂದರೆ ಮನೆ ಗುಡಿಸುವುದು. ಸೈಕ್ಲಿಂಗ್ ಎಂದರೆ ಒಕ್ಕಲು ಬರುವುದು. ಗುಡಿಸದೆ ಒಕ್ಕಲು ಬಂದರೂ ನಡೆಯುತ್ತದೆ, ಆದರೆ ಮುಂದೆ ತಿಂಗಳುಗಟ್ಟಲೆ ಪಾಚಿಯ ಕಾಟ ಇರುತ್ತದೆ. ಯಾಕೆಂದರೆ ಪಾಚಿಗೆ ಗೊಬ್ಬರವಾಗುವ ಫಾಸ್ಫೇಟನ್ನು ಕಲ್ಲು ಬಿಡುತ್ತಲೇ ಇರುತ್ತದೆ. ಸುಣ್ಣಕಲ್ಲು ಫಾಸ್ಫೇಟನ್ನು ಸ್ಪಂಜಿನ ಹಾಗೆ ಹಿಡಿದಿಟ್ಟುಕೊಂಡು ನಿಧಾನವಾಗಿ ನೀರಿಗೆ ಬಿಡುತ್ತದೆ.

ಕ್ಯೂರಿಂಗ್ ಕಷ್ಟವೇನಲ್ಲ. ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಮುಚ್ಚಳ ಇರುವ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಉಪ್ಪುನೀರು, ಒಂದು ಸಣ್ಣ ಪಂಪು, ಕತ್ತಲು. ವಾರಕ್ಕೊಮ್ಮೆ ನೀರು ಬದಲಿಸಿ ಫಾಸ್ಫೇಟ್ ಪರೀಕ್ಷೆ ಮಾಡಿ. ಅಂಕಿ ಏರುವುದು ನಿಂತ ಮೇಲೆ ಕಲ್ಲು ಸಿದ್ಧ. ಕೆಲವರು ಮೊದಲು ಬ್ಲೀಚ್ ನೀರಿನಲ್ಲಿ ನೆನೆಸುತ್ತಾರೆ, ಕೆಲವರು ಆಸಿಡ್ಡಿನಲ್ಲಿ ಮೇಲ್ಪದರ ಕರಗಿಸುತ್ತಾರೆ. ಬ್ಲೀಚ್ ಮತ್ತು ಆಸಿಡ್ ಯಾವ ಕಾರಣಕ್ಕೂ ಒಟ್ಟಿಗೆ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತದೆ, ಪ್ರಾಣಕ್ಕೇ ಅಪಾಯ. ಮನೆಯಲ್ಲಿ ಮಕ್ಕಳಿದ್ದರೆ ಎರಡನ್ನೂ ಬಿಟ್ಟು ಸುಮ್ನೆ ನೀರಿನಲ್ಲಿ ನೆನೆಸುವ ದಾರಿಯೇ ಸಾಕು. ಸ್ವಲ್ಪ ದಿನ ಜಾಸ್ತಿ ಬೇಕು, ಅಷ್ಟೆ. ಕಾರ್ಖಾನೆಯ ಕಲ್ಲಿಗೆ ಇದೆಲ್ಲ ಹೆಚ್ಚಾಗಿ ಬೇಕಾಗುವುದಿಲ್ಲ, ಧೂಳು ತೊಳೆದರೆ ಮುಗಿಯಿತು.

## ಸೈಕ್ಲಿಂಗ್ ಮಾಡುವ ಬಗೆ

ನೀರಿನಿಂದ ಶುರು ಮಾಡೋಣ. ಮಂಗಳೂರಿಗೆ ತುಂಬೆಯಿಂದ, ಉಡುಪಿಗೆ ಬಜೆಯಿಂದ ಬರುವ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನಮಗೆ ಅದು ಬೇಕು, ಬ್ಯಾಕ್ಟೀರಿಯಾ ಸಾಯಬೇಕು. ಇಲ್ಲಿ ನಾವು ಬ್ಯಾಕ್ಟೀರಿಯಾ ಸಾಕುತ್ತಿದ್ದೇವಲ್ಲ! ಬಾವಿ ನೀರಿನಲ್ಲಿ ಕ್ಲೋರಿನ್ ಇಲ್ಲ, ಆದರೆ ಕೆಂಪು ಕಲ್ಲಿನ ನೆಲದಲ್ಲಿ ಕಬ್ಬಿಣ ಬರಬಹುದು. ಆರ್‌ಒ ಯಂತ್ರದ ನಂತರ ಡಿಐ ಎಂಬ ಇನ್ನೊಂದು ಫಿಲ್ಟರ್ ಹಾಕಿ, ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರು ಬಳಸುವುದು ಸರಿಯಾದ ಕ್ರಮ.

ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. ಅಡುಗೆಯ ಕಲ್ಲುಪ್ಪು ಆಗುವುದಿಲ್ಲ. ಅದರಲ್ಲಿ ಇರುವುದು ಬಹುತೇಕ ಸೋಡಿಯಂ ಕ್ಲೋರೈಡ್ ಮಾತ್ರ, ಮೆಗ್ನೀಶಿಯಂ, ಕ್ಯಾಲ್ಸಿಯಂ, ಕಾರ್ಬೊನೇಟ್ ಬೇಕಾದಷ್ಟು ಇರುವುದಿಲ್ಲ. ಸಿಹಿನೀರನ್ನು 1 ಎಂದುಕೊಂಡರೆ ಇದರ ಸಾಂದ್ರತೆ 1.025ರ ಆಸುಪಾಸು ಇರಲಿ. ತೊಟ್ಟಿಯ ನೀರು ಆರಿದರೆ ಉಪ್ಪು ಒಳಗೇ ಉಳಿಯುತ್ತದೆ, ಸಾಣಿಕಟ್ಟಾದ ಉಪ್ಪಿನಾಗರದಲ್ಲಿ ಆಗುವ ಹಾಗೆ. ಆರಿದಷ್ಟಕ್ಕೆ ಬರೀ ಸಿಹಿನೀರು ಹಾಕಬೇಕು.

ಇನ್ನು ಅಮೋನಿಯಾ. ಮೀನಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಊಟ ಹಾಕುವವರು ನಾವೇ. ಹಿಂದೆ ಗಟ್ಟಿ ಜೀವದ ಮೀನೊಂದನ್ನು ಬಿಟ್ಟು ಸೈಕ್ಲಿಂಗ್ ಮಾಡುತ್ತಿದ್ದರು. ಅದು ಬದುಕಿದರೂ ಕಿವಿರು ಸುಟ್ಟುಕೊಂಡು ಬದುಕುತ್ತಿತ್ತು. ಹಾಗೆ ಮಾಡಬೇಡಿ. ಸಿಗಡಿ ಒಂದನ್ನು ಹಾಕಿ ಕೊಳೆಯಲು ಬಿಡುವ ಪದ್ಧತಿಯೂ ಇದೆ. ಅದರಲ್ಲಿ ಎಷ್ಟು ಅಮೋನಿಯಾ ಬಂತು ಎಂಬ ಹಿಡಿತ ಸಿಗುವುದಿಲ್ಲ, ಫಾಸ್ಫೇಟೂ ಸೇರುತ್ತದೆ, ಮನೆಯಲ್ಲಿ ನಾತ.

ಒಳ್ಳೆಯ ದಾರಿ ಅಮೋನಿಯಂ ಕ್ಲೋರೈಡ್. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ. ಆದರೆ ಕಲಾಯಿಯವರ ನವಸಾಗರದಲ್ಲಿ ಕಲ್ಮಶ ಇರಬಹುದು, ಪ್ರಯೋಗಾಲಯಕ್ಕೆ ಮಾರುವ ಶುದ್ಧ ಪುಡಿ ತನ್ನಿ. ಗುರಿ 2 ಪಿಪಿಎಂ. ಲೆಕ್ಕ ಹೀಗೆ: 100 ಲೀಟರಿಗೆ 2 ಪಿಪಿಎಂ ಎಂದರೆ 200 ಮಿಲಿಗ್ರಾಂ ಅಮೋನಿಯಾ. ನವಸಾಗರದ ತೂಕದಲ್ಲಿ ಅಮೋನಿಯಾ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ. ಹಾಗಾಗಿ ಸುಮಾರು 0.63 ಗ್ರಾಂ ಪುಡಿ ಬೇಕು. ಕಲ್ಲು, ಮರಳು ಜಾಗ ತಿಂದಿರುವುದರಿಂದ ತೊಟ್ಟಿಯ ಅಳತೆಗಿಂತ ನೀರು ಕಡಿಮೆ ಇರುತ್ತದೆ, ನೆನಪಿರಲಿ. ಜಾಸ್ತಿ ಹಾಕಿದರೆ ಬೇಗ ಆಗುತ್ತದೆ ಎಂದುಕೊಳ್ಳಬೇಡಿ. 5 ಪಿಪಿಎಂ ದಾಟಿದರೆ ಬ್ಯಾಕ್ಟೀರಿಯಾಗಳೇ ಸೊರಗುತ್ತವೆ.

ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾ ಹಾಕಿದರೆ ಸಮಯ ಎರಡು–ಮೂರು ವಾರಕ್ಕೆ ಇಳಿಯಬಹುದು. ಅದು ಬೀಜ ಬಿತ್ತಿದ ಹಾಗೆ. ಆದರೆ ಒಳಗಿರುವುದು ಜೀವ. ಬಾಟಲಿ ಬೇಸಿಗೆಯ ಬಿಸಿಯಲ್ಲಿ ದಿನಗಟ್ಟಲೆ ಬಿದ್ದಿದ್ದರೆ ಅಥವಾ ಅವಧಿ ಮುಗಿದಿದ್ದರೆ ಪ್ರಯೋಜನ ಇಲ್ಲ.

ಲೈಟ್ ಬೇಡ, ಈ ಜೀವಿಗಳಿಗೆ ಬೆಳಕು ಬೇಕಾಗಿಲ್ಲ, ಬೆಳಕು ಹಾಕಿದರೆ ಪಾಚಿಗೆ ಲಾಭ. ನಮ್ಮೂರಿನ ಸೆಕೆಗೆ ಹೀಟರ್ ಕೂಡ ಹೆಚ್ಚಾಗಿ ಬೇಕಾಗುವುದಿಲ್ಲ. ಆದರೆ ಆಮ್ಲಜನಕ ಬೇಕೇ ಬೇಕು. ನೀರು ಬಿಸಿಯಾದಷ್ಟೂ, ಉಪ್ಪಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಪಂಪು ನೀರಿನ ಮೇಲ್ಭಾಗವನ್ನು ಸದಾ ಕಲಕುತ್ತಿರಬೇಕು. ಮೇ ತಿಂಗಳ ಸಿಡಿಲು ಮಳೆಗೆ ಕರೆಂಟು ಹೋಗಿ ರಾತ್ರಿಯಿಡೀ ಬಾರದಿರುವುದು ನಮಗೆಲ್ಲ ಗೊತ್ತು. ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿ ಇರಲಿ. ಮೀನು ಬಂದ ಮೇಲಂತೂ ಅದು ಇಲ್ಲದೆ ಆಗುವುದಿಲ್ಲ.

## ಅಂಕಿಗಳು ಹೇಳುವ ಕತೆ

ಎರಡು ದಿನಕ್ಕೊಮ್ಮೆ ಅಮೋನಿಯಾ, ನೈಟ್ರೈಟ್ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಿ. ಬಣ್ಣ ಬದಲಾಗುವ ಟೆಸ್ಟ್ ಕಿಟ್ ಸಾಕು.

ಮೊದಲ ವಾರ ಏನೂ ಆಗುವುದಿಲ್ಲ. 2 ಎಂದು ತೋರಿಸಿದ್ದು 2 ಆಗಿಯೇ ಇರುತ್ತದೆ. ಎರಡನೇ ವಾರದ ಹೊತ್ತಿಗೆ ಅಮೋನಿಯಾ ಇಳಿಯುತ್ತದೆ, ನೈಟ್ರೈಟ್ ಕಾಣಿಸುತ್ತದೆ. ಅಮೋನಿಯಾ ಸೊನ್ನೆಗೆ ಬಂದಾಗ ಮತ್ತೆ ಸ್ವಲ್ಪ ಹಾಕಿ, ಇಲ್ಲದಿದ್ದರೆ ಮೊದಲ ಸಾಲಿನವರು ಹಸಿದಿರುತ್ತಾರೆ. ಆಮೇಲೆ ನೈಟ್ರೈಟ್ ಕಿಟ್ಟಿನ ಕೊನೆಯ ಬಣ್ಣದಲ್ಲೇ ನಿಂತುಬಿಡುತ್ತದೆ. ಹತ್ತು ದಿನ, ಹದಿನೈದು ದಿನ. ಕೈಬಿಡುವವರು ಹೆಚ್ಚಿನವರು ಇಲ್ಲಿಯೇ ಕೈಬಿಡುತ್ತಾರೆ. ಬಿಡಬೇಡಿ. ಸಮುದ್ರದ ನೀರಿನಲ್ಲಿ ಕ್ಲೋರೈಡ್ ತುಂಬ ಇರುವುದರಿಂದ ಸಿಹಿನೀರಿನಲ್ಲಿ ಆಗುವಷ್ಟು ಕೆಡುಕು ನೈಟ್ರೈಟ್ ಇಲ್ಲಿ ಮಾಡುವುದಿಲ್ಲ. ಆದರೂ ಅದು ಇಳಿದರೆ ಮಾತ್ರ ಎರಡನೇ ಸಾಲು ಬಂದಿದೆ ಎಂದು ಗೊತ್ತಾಗುವುದು.

ಒಂದು ದಿನ ಇದ್ದಕ್ಕಿದ್ದ ಹಾಗೆ ಅದು ಇಳಿಯುತ್ತದೆ. ಆಗ ಕೊನೆಯ ಪರೀಕ್ಷೆ: 2 ಪಿಪಿಎಂ ಅಮೋನಿಯಾ ಹಾಕಿ 24 ಗಂಟೆ ಬಿಡಿ. ಮರುದಿನ ಅಮೋನಿಯಾವೂ ಸೊನ್ನೆ, ನೈಟ್ರೈಟೂ ಸೊನ್ನೆ ಇದ್ದರೆ ಸೈಕ್ಲಿಂಗ್ ಮುಗಿದಿದೆ.

ಅರ್ಧದಲ್ಲೇ ಎಲ್ಲ ನಿಂತುಹೋದಂತೆ ಕಂಡರೆ ಪಿಎಚ್ ಮತ್ತು ಕ್ಷಾರೀಯತೆ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ) ನೋಡಿ. ಈ ಜೀವಿಗಳು ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತದೆ, ಅದು ನೀರಿನ ಕಾರ್ಬೊನೇಟನ್ನು ತಿನ್ನುತ್ತದೆ. ಕ್ಷಾರೀಯತೆ ಅದರ ಅಳತೆಯಾದ ಡಿಕೆಎಚ್‌ನಲ್ಲಿ 7ಕ್ಕಿಂತ ಇಳಿದಿದ್ದರೆ ಸ್ವಲ್ಪ ಹೊಸ ಉಪ್ಪುನೀರು ಬದಲಿಸಿದರೆ ಮತ್ತೆ ಕೆಲಸ ಶುರುವಾಗುತ್ತದೆ.

## ಮೀನು ಬರುವ ದಿನ, ಮತ್ತು ಆಮೇಲೆ

ಸೈಕ್ಲಿಂಗಿನ ಕೊನೆಗೆ ನೈಟ್ರೇಟ್ ರಾಶಿ ಬಿದ್ದಿರುತ್ತದೆ. ಅರ್ಧಕ್ಕಿಂತ ಜಾಸ್ತಿ ನೀರು ಬದಲಿಸಿ. ಆಮೇಲೆ ಒಂದೋ ಎರಡೋ ಸಣ್ಣ ಮೀನು ಮಾತ್ರ. ಬ್ಯಾಕ್ಟೀರಿಯಾಗಳ ಸಂಖ್ಯೆ ಸಿಗುವ ಊಟಕ್ಕೆ ತಕ್ಕ ಹಾಗೆ ಹೊಂದಿಕೊಳ್ಳುತ್ತದೆ. ಒಮ್ಮೆಗೇ ಆರು ಮೀನು ತಂದರೆ ಆ ಹೊಂದಾಣಿಕೆಗೆ ಸಮಯ ಸಿಗುವುದಿಲ್ಲ. ಸಮುದ್ರದಿಂದ ಹಿಡಿದದ್ದಕ್ಕಿಂತ ಮರಿ ಮಾಡಿಸಿ ಬೆಳೆಸಿದ ಕ್ಲೌನ್ ಮೀನು ಕೇಳಿ ತನ್ನಿ. ನಮ್ಮ ದೇಶದಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಇದರ ವಿಧಾನವನ್ನು ಎಂದೋ ರೂಪಿಸಿದೆ.

ಮೀನು ಬಂದು ಕೆಲವು ವಾರಕ್ಕೆ ಬಿಳಿ ಕಲ್ಲಿನ ಮೇಲೆ ಕಂದು ಬಣ್ಣದ ಧೂಳಿನಂಥದ್ದು ಹರಡುತ್ತದೆ. ನೋಡಲು ಚಂದ ಇಲ್ಲ. ಇವು ಡಯಾಟಂಗಳು, ನೀರಿನ ಸಿಲಿಕೇಟ್ ಬಳಸಿ ಬೆಳೆಯುವ ಸಣ್ಣ ಪಾಚಿಗಳು. ಅದು ಹೋದ ಮೇಲೆ ಹಸಿರು ಎಳೆಪಾಚಿ ಬರಬಹುದು. ಖಾಲಿ ಬಿದ್ದ ಗದ್ದೆಯಲ್ಲಿ ಮೊದಲು ಕಳೆ ಏಳುತ್ತದೆ, ಅಲ್ವಾ? ಹಾಗೇ. ಸಾಮಾನ್ಯವಾಗಿ ಒಣ ಕಲ್ಲಿನ ತೊಟ್ಟಿಯಲ್ಲಿ ಈ ಹಂತ ಲೈವ್ ರಾಕ್ ತೊಟ್ಟಿಗಿಂತ ಉದ್ದ ಇರುತ್ತದೆ. ಹೆದರಿ ಕಲ್ಲು ಹೊರಗೆ ತೆಗೆದು ಬ್ಲೀಚ್ ಮಾಡಿದರೆ ಕಟ್ಟಿದ ಮನೆಯನ್ನೇ ಕೆಡವಿದ ಹಾಗೆ. ಕೈಯಿಂದ ಕಿತ್ತು, ಆಹಾರ ಕಡಿಮೆ ಮಾಡಿ, ಪಾಚಿ ತಿನ್ನುವ ಬಸವನಹುಳು ಒಂದೆರಡು ಬಿಡಿ. ನೈಟ್ರೇಟ್, ಫಾಸ್ಫೇಟ್ ಎರಡನ್ನೂ ಪೂರ್ತಿ ಸೊನ್ನೆ ಮಾಡಲು ಹೋಗಬೇಡಿ. ಎಲ್ಲ ಸೊನ್ನೆಯಾದ ಹೊಸ ತೊಟ್ಟಿಯಲ್ಲಿ ಡೈನೊಫ್ಲಾಜೆಲೇಟ್ ಎಂಬ ಅಂಟಂಟಾದ ಕಂದು ಲೋಳೆ ಬರುವ ಸಾಧ್ಯತೆ ಜಾಸ್ತಿ. ಅದನ್ನು ಓಡಿಸುವುದು ಪಾಚಿ ಓಡಿಸುವುದಕ್ಕಿಂತ ಕಷ್ಟ.

ಪಕ್ಕದ ಮನೆಯ ಹುಡುಗ ಎರಡನೇ ಸಲ ನವಸಾಗರ ತೂಗಿ ಶುರು ಮಾಡಿದ. ಅವನ ನೋಟ್‌ಬುಕ್ಕಿನಲ್ಲಿ ನೈಟ್ರೈಟ್ ಇಳಿದದ್ದು ಮೂವತ್ತಾರನೇ ದಿನ. ಕೊನೆಯ ಪರೀಕ್ಷೆಯನ್ನು ಎರಡು ಸಲ ಮಾಡಿ, ನಲವತ್ತೊಂದನೇ ದಿನ ಎರಡು ಕ್ಲೌನ್ ಮೀನು ತಂದ. ಆರು ತಿಂಗಳಾಗಿದೆ. ಎರಡೂ ಚೆನ್ನಾಗಿವೆ. ಹೋದ ಭಾನುವಾರ ಕರೆದು ತೋರಿಸಿದ, ಪಂಪಿನ ಹತ್ತಿರದ ಕಲ್ಲಿನ ಮೇಲೆ ಕಾಸಿನಗಲದ ಒಂದು ನೇರಳೆ ಚುಕ್ಕೆ ಬಂದಿತ್ತು. ಕಲ್ಲಿನ ಮೇಲೆ ಸುಣ್ಣದ ಗಟ್ಟಿ ಪದರ ಕಟ್ಟುವ ಕೊರಲೈನ್ ಪಾಚಿಯ ಮೊದಲ ಚುಕ್ಕೆ.